ಹೊಗೆಯ ಪೈಪಿನಲ್ಲಿ ನೀರು

ಯುಗಾದಿ ಕಳೆದ ಮರುವಾರ ನಿಂಗಯ್ಯ ತನ್ನ ತಗಡು ಕತ್ತರಿ, ಮರದ ಕೊಡತಿ, ಎರಡು ಸುತ್ತಿಗೆಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟ ಸೇರಿಸಿ, "ಇನ್ನು ಸಾಕು" ಅಂದುಬಿಟ್ಟಿದ್ದ. ಸೇರಿಸಿದ್ದು ಅವನಲ್ಲ, ಮಗ ಚಂದು. ಏಣಿಯ ಎರಡನೆಯ ಮೆಟ್ಟಿಲಿಗೇ ನಿಂಗಯ್ಯನ ಮಂಡಿ ಮುಷ್ಕರ ಹೂಡಿತ್ತು. ಐವತ್ತೊಂಬತ್ತಕ್ಕೇ ಇಷ್ಟು ದಣಿವೇ ಅಂತ ಯಾರಾದರೂ ಕೇಳಬಹುದು. ಕೇಳುವವರು ಹುಣಸೂರು, ಪಿರಿಯಾಪಟ್ಟಣದ ಕಡೆಯ ಒಂದು ಹೊಗೆಸೊಪ್ಪಿನ ಬ್ಯಾರನ್ ಒಳಗೆ ಒಂದು ಮಧ್ಯಾಹ್ನ ಬಗ್ಗಿ ಕೆಲಸ ಮಾಡಿ ಬಂದು ಆಮೇಲೆ ಕೇಳಲಿ.

ಬ್ಯಾರನ್ ಅಂದರೆ ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ, ತೂಗುಹಾಕಿ, ಬೇಯಿಸುವ ಎತ್ತರದ ಕೋಣೆ. ಬೆಂಕಿ ಹೊರಗಿನ ಒಲೆಯಲ್ಲಿ. ಅದರ ಹೊಗೆ ದಪ್ಪ ತಗಡಿನ ಪೈಪಿನೊಳಗೆ ನೆಲದ ಮೇಲೆ ಸುತ್ತು ಹೊಡೆದು, ಮೆಲ್ಲಗೆ ಮೇಲೇರಿ, ಚಿಮಣಿಯಿಂದ ಆಚೆ ಹೋಗಬೇಕು. ಸಂದಿಯಲ್ಲಿ ಒಂದು ಎಳೆ ಹೊಗೆ ಸೋರಿದರೂ ಚಿನ್ನದ ಬಣ್ಣಕ್ಕೆ ಬರಬೇಕಾದ ಸೊಪ್ಪು ಕಪ್ಪಾಗಿ, ರೈತ ನಿಂಗಯ್ಯನ ಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಮೂವತ್ತೆರಡು ವರ್ಷದಲ್ಲಿ ಹಾಗೆ ಬಂದು ನಿಂತವರು ಇಬ್ಬರೋ ಮೂವರೋ ಅಷ್ಟೆ.

ಆ ಒಳ್ಳೆಯ ಹೆಸರಿನಲ್ಲಿ ಅರ್ಧ ಅವನ ಹೆಂಡತಿ ಸುನಂದಮ್ಮನದು. ಪೈಪು ಅವನ ಪಾಲು, ಮಣ್ಣು ಅವಳ ಪಾಲು. ಒಲೆಯ ಬಾಯಿಂದ ಶುರು ಮಾಡಿ, ಹಿಂದಿನ ಪೈಪಿನ ಮೂತಿಯ ಮೇಲೆ ಮುಂದಿನ ಪೈಪನ್ನು ಟೋಪಿ ತೊಡಿಸಿದ ಹಾಗೆ ತೊಡಿಸುತ್ತಾ ನಿಂಗಯ್ಯ ಮೇಲಕ್ಕೆ ಹೋಗುತ್ತಿದ್ದ. ಹಿಂದೆಯೇ ಸುನಂದಮ್ಮ ನಾದಿದ ಕೆಮ್ಮಣ್ಣನ್ನು ಪ್ರತಿ ಸಂದಿಗೂ ಮೆತ್ತುತ್ತಾ ಬರುತ್ತಿದ್ದಳು. ಬೆಸುಗೆಗಿಸುಗೆ ಅವರ ಕಸುಬಿನಲ್ಲಿ ಇರಲಿಲ್ಲ. ಪೈಪಿನ ಅಡಿಗೆ ಕೈ ತೂರಿಸಿ, ಕಾಣದ ಕಡೆಯೂ ಬೆರಳಲ್ಲೇ ತಡವಿ ಮಣ್ಣು ತುಂಬಬೇಕು. ಚಿಮಣಿಯ ಹತ್ತಿರ ಬಂದರೆ ತಲೆಯ ಮೇಲಕ್ಕೆ ಕೈ ಚಾಚಿಕೊಂಡು ಅರ್ಧ ಗಂಟೆ ನಿಲ್ಲಬೇಕು. ಹಾಗೆ ಮೂವತ್ತು ವರ್ಷ ಚಾಚಿದ ಬಲಗೈ ಅದೇ ವರ್ಷದ ಆಷಾಢದಲ್ಲಿ ಮೇಲೇಳುವುದನ್ನೇ ನಿಲ್ಲಿಸಿತು. ಹುಣಸೂರಿನ ಡಾಕ್ಟರು ಭುಜ ಬಿಗಿದುಕೊಂಡಿದೆ ಅಂದರು, ಗೋಡೆಗೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು, ವರ್ಷ ಹಿಡಿಯಬಹುದು ಅಂದರು. ಎಡಗೈ ತಲೆಯವರೆಗೆ ಏರುತ್ತಿತ್ತು. ಆದರೆ ಅದರಲ್ಲಿ ತುಂಬಿದ ಚೆಂಬಿದ್ದರೆ ಏರುತ್ತಿರಲಿಲ್ಲ.

ಹೀಗಾಗಿ ಸುನಂದಮ್ಮನ ತಲೆಗೆ ನೀರು ಹಾಕುವುದು ಅವಳ ಓರಗಿತ್ತಿ ಮರಮ್ಮನ ಕೆಲಸವಾಯಿತು. ಮರಮ್ಮ ನಿಂಗಯ್ಯನ ಅಣ್ಣನ ಹೆಂಡತಿ, ಪಕ್ಕದ ಮನೆ, ಒಂದೇ ಗೋಡೆ. ಕೆಟ್ಟವಳಲ್ಲ. ವಾರಕ್ಕೆರಡು ಸಲ ತನ್ನ ಮನೆ ಕೆಲಸ ಬಿಟ್ಟು ಬಂದು, ಮೊಳಕಾಲು ಊರಿ ಬೆನ್ನು ತಿಕ್ಕಿ ಹೋಗುವವಳನ್ನು ಕೆಟ್ಟವಳು ಅಂದರೆ ನಾಲಗೆಗೆ ಹುಳ ಬೀಳುತ್ತದೆ. ಆದರೆ ಅವಳ ಹೊಟ್ಟೆಯಲ್ಲಿ ಮಾತು ಅನ್ನುವುದು ಹಾಲಿನ ಡೇರಿ ತಲಪುವವರೆಗೂ ನಿಲ್ಲುತ್ತಿರಲಿಲ್ಲ. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ನಿಂಗಯ್ಯ ಹಾಲು ಹಾಕಲು ಕ್ಯೂನಲ್ಲಿ ನಿಂತಿದ್ದಾಗ, ಮುಂದಿದ್ದ ಹೆಂಗಸರ ಗುಂಪಿನಲ್ಲಿ ಮರಮ್ಮನ ದನಿ, ತಗಡು ಬಡಿದು ಬಡಿದು ಮಂದವಾಗಿದ್ದ ಕಿವಿಗಲ್ಲ, ಅವನ ಕೇಳಿಸುವ ಕಿವಿಗೇ ಬಿತ್ತು. "ಬೆನ್ನೆಲ್ಲಾ ಮೂಳೆ ಬಂದುಬುಟ್ಟದೆ ಕಣವ್ವ ಸುನಂದಂಗೆ. ಮುಟ್ಟಿದ್ರೆ ಎಣಿಸ್ಬೋದು. ಮಗೀನಂಗೆ ಮುದುರ್ಕೊಂಡು ಕೂತ್ಕತದೆ, ಪಾಪ."

ಆ ಮಾತು ಸುನಂದಮ್ಮನನ್ನೂ ಮುಟ್ಟಿತು. ಊರಲ್ಲಿ ಮುಟ್ಟದೆ ಇರುವ ಮಾತು ಯಾವುದಿದೆ? ಅವತ್ತು ಅವಳು ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಗಂಡನಿಗೆ ಮುದ್ದೆ ಇಕ್ಕುತ್ತಾ, ತಟ್ಟೆ ನೋಡಿಕೊಂಡೇ ಹೇಳಿದಳು.

"ದೀಪಾವಳಿ ಎಣ್ಣೆ ನೀರು ನಾನು ಅಕ್ಕನ ಕೈಲಿ ಉಯ್ಯಿಸ್ಕೊಳಾಕಿಲ್ಲ ಕಣ್ರೀ."

"ಮತ್ತೆ ಎಂಗೆ?"

"ಎಂಗೂ ಇಲ್ಲ. ನಾನೇ ಉಯ್ಕೊಳಕ್ಕೆ ಆದ್ರೆ ಉಯ್ಕೋತೀನಿ. ಇಲ್ದೆ ಇದ್ರೆ ಈ ವರ್ಸ ನಂಗೆ ಎಣ್ಣೆ ನೀರು ಇಲ್ಲ ಬುಡಿ. ಉಪಕಾರ ಮಾಡೋರ ಮುಂದೆ ಬಟ್ಟೆ ಬಿಚ್ಚಿ ಕೂತ್ಕೊಳದು ಸಾಕಾಗದೆ."

ಎಣ್ಣೆ ನೀರು ಇಲ್ಲದ ದೀಪಾವಳಿ ಅಂದರೆ ಆ ಮನೆಯಲ್ಲಿ ಸೂತಕವಿದ್ದ ವರ್ಷ ಮಾತ್ರ. ನಿಂಗಯ್ಯ ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದುತ್ತಲೇ ಕೂತ. ಒಂದು ಗಳಿಗೆ ಅವನಿಗೆ ಒಂದು ಯೋಚನೆ ಬಂದದ್ದು ನಿಜ, ತಾನೇ ಒಂದು ಚೆಂಬು ಹಿಡಿದು ಒಳಗೆ ಹೋದರೆ ಅಂತ. ಬಂದಷ್ಟೇ ಬೇಗ ಅದನ್ನು ಓಡಿಸಿದ. ಯಾಕೆಂದರೆ ಊರಲ್ಲಿ ಕರಿಯಯ್ಯ ಇದ್ದ. ಇಪ್ಪತ್ತು ವರ್ಷದ ಹಿಂದೆ ಹೆಂಡತಿ ಸೊಂಟ ಮುರಿದುಕೊಂಡು ಮಲಗಿದ್ದಾಗ ಕರಿಯಯ್ಯ ಅವಳಿಗೆ ನೀರು ಹಾಕಿದ್ದನ್ನು ಯಾರೋ ಬೇಲಿ ಸಂದಿಯಿಂದ ನೋಡಿಬಿಟ್ಟಿದ್ದರು. ಅವತ್ತಿನಿಂದ ಅವನು ಚೆಂಬು ಕರಿಯಯ್ಯ. ಮಕ್ಕಳ ಮದುವೆಯ ಲಗ್ನಪತ್ರಿಕೆ ಹಂಚಲು ಹೋದಾಗಲೂ "ಯಾವ ಕರಿಯಯ್ಯ, ಚೆಂಬಾ?" ಅಂತಲೇ ಜನ ಕೇಳಿದ್ದು. ಹೆಂಗಸರು ಗಂಡಸರ ತಲೆಗೆ ಎಣ್ಣೆ ಒತ್ತಿ, ನೀರು ಹೊಯ್ದು, ಬೆನ್ನು ತಿಕ್ಕುವುದು ಲೋಕದ ನಡೆ. ಅದು ತಿರುಗಿದರೆ ಲೋಕ ನಗುತ್ತದೆ. ಡೇರಿಯ ಕಟ್ಟೆಯ ಮೇಲೆ ಕರಿಯಯ್ಯ ಕೂತರೆ ನಗುವವರಲ್ಲಿ ನಿಂಗಯ್ಯನೂ ಒಬ್ಬನಾಗಿದ್ದ.

ಆಯುಧಪೂಜೆಗೆ ಗೋಣಿಚೀಲ ಅಟ್ಟದಿಂದ ಇಳಿಯಿತು. ಸಾಮಾನಿಗೆ ಅರಿಸಿನ ಕುಂಕುಮ ಇಟ್ಟು ಕೈಮುಗಿದದ್ದಾಯಿತು. ಸಂಜೆ ಚಂದು ತನ್ನ ಮೊಬೈಲಿನಲ್ಲಿ ಏನೋ ನೋಡುತ್ತಾ ಕೂತಿದ್ದ. ಅವನು ಹುಣಸೂರಿನ ಶಾಲೆಯೊಂದರ ವ್ಯಾನು ಓಡಿಸುವವನು, ಇನ್ನೂ ಮದುವೆಯಿಲ್ಲ. "ಬಾ ಅಪ್ಪ, ನಿನ್ ಕಸುಬಿನೋನು" ಅಂತ ಕರೆದು ತೋರಿಸಿದ. ಯಾರೋ ಪರದೇಶದ ಬಿಳಿಯ ತನ್ನ ಮನೆಯ ಶೆಡ್ಡಿನಲ್ಲಿ ನಿಂತು, ತಗಡು ಕತ್ತರಿಸಿ, ಅಂಚು ಮಡಿಸಿ, ಹೂಗಿಡಕ್ಕೆ ನೀರು ಹಾಕುವ ಡಬ್ಬ ಮಾಡುತ್ತಿದ್ದ. ಉದ್ದ ಮೂತಿ, ಮೂತಿಯ ತುದಿಗೆ ತೂತುಬಿದ್ದ ಜಾಲರಿ.

"ಮಡಿಕೆ ಸರಿಯಾಗಿ ಕೂರ್ಲಿಲ್ಲ" ಅಂದ ನಿಂಗಯ್ಯ. "ಇವ್ನಿಗೆ ಇದೇ ಜೀವ್ನವಾ?"

"ಜೀವ್ನ ಅಲ್ಲ ಕಣಪ್ಪ, ಅವ್ನು ಹಲ್ಲಿನ್ ಡಾಕ್ಟ್ರಂತೆ. ಇದು ಹಾಬಿ. ಸುಸ್ತು ಕಳ್ಕೊಳಕ್ಕೆ ಮನೇಲಿ ಮಾಡ್ತಾನೆ."

"ತಗಡು ಬಡ್ದು ಸುಸ್ತು ಕಳ್ಕೋತಾನಾ?" ನಿಂಗಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಆ ಜಾಲರಿಯಿಂದ ಮಳೆಯ ಹಾಗೆ ಬಿದ್ದ ನೀರು ಅವನ ಕಣ್ಣಲ್ಲೇ ಉಳಿಯಿತು. ಎತ್ತರದಲ್ಲಿ ಒಂದು ತೊಟ್ಟಿ. ಅದರಿಂದ ಒಂದು ಪೈಪು. ಪೈಪಿನ ತುದಿಗೊಂದು ಜಾಲರಿ. ಕೆಳಗೆ ಮಣೆಯ ಮೇಲೆ ಕೂತು ಎಡಗೈಯಲ್ಲಿ ತೊಟ್ಟಿಯ ಬಿರಡೆಗೆ ಕಟ್ಟಿದ ಸರಪಳಿ ಎಳೆದರೆ ತಲೆ ಮೇಲೆ ನೀರು. ಯಾರೂ ಒಳಗೆ ಹೋಗಬೇಕಾಗಿಲ್ಲ, ಯಾರೂ ಪಾಪ ಅನ್ನಬೇಕಾಗಿಲ್ಲ.

ಗೋಣಿಚೀಲ ಮತ್ತೆ ಅಟ್ಟಕ್ಕೆ ಹೋಗಲಿಲ್ಲ.

ದೀಪಾವಳಿಗೆ ಹತ್ತೊಂಬತ್ತು ದಿನವಿತ್ತು. ನಿಂಗಯ್ಯ ಪಿರಿಯಾಪಟ್ಟಣದಿಂದ ಒಂದು ಹಾಳೆ ಬಿಳಿ ತಗಡು ತಂದ. ಬ್ಯಾರನ್ನಿನ ದಪ್ಪ ಕರಿ ತಗಡಲ್ಲ. ತೆಳ್ಳನೆಯದು, ತುಕ್ಕು ಹಿಡಿಯದ್ದು, ಮುಖ ಕಾಣುವಂಥದ್ದು. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅದನ್ನು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಹಾಕಿದ. ಕತ್ತರಿ ಎರಡು ಮೊಳ ಹೋಗುವಷ್ಟರಲ್ಲಿ ಹೆಬ್ಬೆರಳ ಬುಡದ ನರ ಸೆಟೆದು ನಿಂತಿತು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀವುತ್ತಾ ಕೂತ. ಒಂದು ಕಾಲದಲ್ಲಿ ಹೊತ್ತು ಮುಳುಗುವುದರೊಳಗೆ ಹನ್ನೆರಡು ಪೈಪು ಸುತ್ತಿ ಎಸೆಯುತ್ತಿದ್ದ ಕೈ ಅದು. ಈಗ ಒಂದು ಗೆರೆ ಕತ್ತರಿಸಿದರೆ ಒಂದು ಬೀಡಿ ಹೊತ್ತು ವಿಶ್ರಾಂತಿ, ಒಂದು ಅಂಚು ಮಡಿಸಿದರೆ ಒಂದು ಲೋಟ ಟೀ. ಹಾಬಿ ಮಾಡುವವರು ಪುಣ್ಯವಂತರು ಅಂದುಕೊಂಡ. ಅವರಿಗೆ ಬೇರೆ ಕಡೆ ದಣಿವಾಗಿರುತ್ತದೆ.

ಬಡಿತದ ಸದ್ದಿಗೆ ಊರು ಇಣುಕಿತು. ಹೆಂಡತಿಗೆ ಸ್ನಾನದ ಯಂತ್ರ ಅಂತ ಹೇಳುವುದು ಹೇಗೆ? "ಸುಮ್ನೆ ಕಣಪ್ಪ, ಹಾಬಿ" ಅಂದ. ಆ ಶಬ್ದ ಕೇಳಿದ ಮೇಲೆ ಯಾರೂ ಮುಂದೆ ಕೇಳಲಿಲ್ಲ. ಚಂದು ಮಾತ್ರ ರಾತ್ರಿ ಊಟದ ಹೊತ್ತಿಗೆ, "ಒಂದು ಗೀಜರ್ ತಂದ್ಬುಡ್ತೀನಿ ಕಣಪ್ಪ, ಯಾಕಿಂಗ್ ಒದ್ದಾಡ್ತೀಯ" ಅಂದ.

"ಗೀಜರ್ ನೀರು ಕಾಯಿಸ್ತದೆ. ತಲೆ ಮೇಲೆ ಉಯ್ತದಾ?"

"ಶವರ್ ಆಕ್ಸಿದ್ರೆ ಉಯ್ತದೆ."

"ನಮ್ ಕರೆಂಟಲ್ಲಿ ಬಲ್ಬೇ ಮಿಣುಕ್ತದೆ, ಇನ್ನು ಗೀಜರ್ರು! ಬುಡ್ಲಾ" ಅಂದುಬಿಟ್ಟ. ಕರೆಂಟಿನ ಮಾತು ಅರ್ಧ ನಿಜ. ಉಳಿದರ್ಧ ಅವನು ಬಾಯಿಬಿಟ್ಟು ಹೇಳಲಿಲ್ಲ. ಸುತ್ತ ನಲವತ್ತು ಹಳ್ಳಿಗೆ ಪೈಪು ಮಾಡಿಕೊಟ್ಟವನು ಸ್ವಂತ ಮನೆಗೆ ಒಂದು ತಗಡಿನ ಮೊರವನ್ನೂ ಮಾಡಿಕೊಟ್ಟಿರಲಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಸುನಂದಮ್ಮ ಯಾವಾಗಲೋ ನಗುತ್ತಾ ಅಂದದ್ದು ಅವನಿಗೆ ಈಗ ನಗುವಾಗಿ ಕೇಳುತ್ತಿರಲಿಲ್ಲ. ಅವಳ ಕೈ ಹೋದದ್ದು ತನ್ನ ಪೈಪಿಗೆ. ತನ್ನ ಪೈಪಿನಿಂದಲೇ ಅವಳಿಗೆ ಏನಾದರೂ ಬರಬೇಕು ಅಂತ ಅವನ ಹಟ.

ತೊಟ್ಟಿ ಸುತ್ತಿ ನಿಲ್ಲಿಸಲು ಆರು ದಿನ ಬೇಕಾಯಿತು. ಹೊಗೆಗಾದರೆ ಸಾಕಾಗುತ್ತಿದ್ದ ಮಡಿಕೆ ನೀರಿಗೆ ಸಾಲದು, ತೊಟ್ಟಿಯ ತಳಕ್ಕೆ ಬೆಸುಗೆ ಬೇಕು. ಅದು ತನ್ನ ಕಸುಬಲ್ಲ ಅಂತ ತೊಟ್ಟಿಯನ್ನು ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು, ಪಿರಿಯಾಪಟ್ಟಣದಲ್ಲಿ ಲಾರಿಗಳ ರೇಡಿಯೇಟರ್ ಬೆಸೆಯುವ ಪುಟ್ಟಮಲ್ಲಪ್ಪನ ಹತ್ತಿರ ಹೋದ. ಪುಟ್ಟಮಲ್ಲಪ್ಪ ಹಳೆಯ ಪರಿಚಯದವನು. ತಳಕ್ಕೆ ಬೆಸುಗೆ ಎಳೆದು, ನೀರು ತುಂಬಿ ಪರೀಕ್ಷೆ ಮಾಡಿ, "ಪೈಪೂ ತಂದಿದ್ರೆ ಅದ್ಕೂ ಎಳ್ದುಕೊಡ್ತಿದ್ನಲ್ಲ" ಅಂದ.

"ಪೈಪಿನ ಇಸ್ಯ ನಂಗೆ ಬುಡು" ಅಂದ ನಿಂಗಯ್ಯ. ಸ್ವಲ್ಪ ಜಂಬದಲ್ಲೇ ಅಂದ. ಆ ಹತ್ತೊಂಬತ್ತು ದಿನದಲ್ಲಿ ಅವನು ಬೆನ್ನು ನೆಟ್ಟಗೆ ಮಾಡಿ ಆಡಿದ ಮಾತು ಅದೊಂದೇ.

ಪೈಪಂತೂ ಚೆನ್ನಾಗಿಯೇ ಬಂದವು. ಮೂರು ತುಂಡು, ಒಂದೊಂದೂ ಎರಡೂವರೆ ಅಡಿ, ಒಂದು ತುದಿ ಅಗಲ, ಒಂದು ತುದಿ ಕೊಂಚ ಸಣ್ಣ. ಕೊನೆಗೆ ಕೆಳಗೆ ಬಾಗುವ ಒಂದು ಮೊಣಕೈ. ಅದರ ಮೂತಿಗೆ ಮೊಳೆಯಿಂದ ಒಂದೊಂದಾಗಿ ತೂತು ಹೊಡೆದ ಜಾಲರಿ. ಸುನಂದಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದಳು. ಅವಳಿಗೆ ಅವನು ಏನೂ ಹೇಳಿರಲಿಲ್ಲ. ಮೂವತ್ತು ವರ್ಷ ಜೊತೆಗೆ ಕೆಲಸ ಮಾಡಿದವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

"ತೂತು ಒಸಿ ಸಣ್ಣಕೆ ಒಡೀರಿ. ದಪ್ಪಕಾದ್ರೆ ನೀರು ಬೇಗ ಮುಗ್ದೋಯ್ತದೆ" ಅಂದಳು, ಅಷ್ಟೆ. ಆ ರಾತ್ರಿ ಅವನ ಮಂಡಿಗೆ ಎಡಗೈಯಲ್ಲೇ ಎಣ್ಣೆ ನೀವಿದಳು.

ನೀರು ತುಂಬುವ ಹಬ್ಬದ ಸಂಜೆ ಬಂತು. ಬಚ್ಚಲಿನ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹೂವು ಸುತ್ತಿ, ಗಂಗೆ ಪೂಜೆ ಮಾಡಿದ ಹೊಸ ನೀರು ತುಂಬಿದ್ದಾಯಿತು. ಮರಮ್ಮ ತನ್ನ ಮನೆಯ ಕೊಡ ಹೊತ್ತು ಹೋಗುತ್ತಾ ಗೋಡೆಯಾಚೆಯಿಂದಲೇ, "ಬೆಳಿಗ್ಗೆ ನಾಕೂವರೆಗೆ ಬತ್ತೀನಿ ಕಣ್ ಸುನಂದಾ, ಎಣ್ಣೆ ಬಿಸಿ ಮಾಡಿರು" ಅಂದಳು. "ಬ್ಯಾಡ ಕಣಕ್ಕ, ಈ ಸಲ ನಾನೇ ಉಯ್ಕೋತೀನಿ" ಅಂದಳು ಸುನಂದಮ್ಮ. ಗೋಡೆಯಾಚೆ ಕೊಡ ಇಳಿಸಿದ ಸದ್ದಾಯಿತು. ಆಮೇಲೆ, "ನೋಡುಮ ಬುಡು" ಅಂತ ಒಂದು ಮಾತು ಬಂತು.

ಆ 'ನೋಡುಮ' ನಿಂಗಯ್ಯನ ಕಾಲಿಗೆ ಅವಸರ ತಂದಿತು. ಕತ್ತಲಾಗುವುದರೊಳಗೆ ಎಲ್ಲ ಕೂರಿಸಬೇಕು. ತೊಟ್ಟಿ ಬಚ್ಚಲಿನ ಹೊರಗೋಡೆಯ ನೆತ್ತಿಯ ಮೇಲೆ, ಒಗೆಯುವ ಕಲ್ಲಿನ ಮೇಲೆ ನಿಂತರೆ ಕೈಗೆಟುಕುವ ಹಾಗೆ. ಅಲ್ಲಿಂದ ಪೈಪು ಹೆಂಚಿನ ಅಡಿಯಲ್ಲಿ ಇಳಿಜಾರಾಗಿ, ಹಂಡೆಯ ಒಲೆ ದಾಟಿ, ಮೂಲೆಯ ಮಣೆಯ ಮೇಲಕ್ಕೆ. ನಿಂಗಯ್ಯ ಮಣೆಯ ಕಡೆಯಿಂದ ಶುರು ಮಾಡಿದ. ಮೊಣಕೈಯನ್ನು ತಂತಿಯಲ್ಲಿ ಕಟ್ಟಿದ, ಅದರ ಮೂತಿಯ ಮೇಲೆ ಮೊದಲ ಪೈಪು ತೊಡಿಸಿದ, ಅದರ ಮೂತಿಯ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು, ತೊಟ್ಟಿಯವರೆಗೆ. ಕತ್ತು ನೋಯುತ್ತಿತ್ತು, ತಲೆ ಏನನ್ನೂ ಯೋಚಿಸುತ್ತಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಮಾಡುತ್ತಿತ್ತು. ಹಂಡೆಗೆ ಬಳಿದು ಮಿಕ್ಕಿದ್ದ ಕೆಮ್ಮಣ್ಣು ಅಲ್ಲೇ ಬೋಗುಣಿಯಲ್ಲಿತ್ತು. ತೊಟ್ಟಿಯ ಬುಡದ್ದೂ ಸೇರಿ ನಾಲ್ಕು ಸಂದಿಗೂ ಅದನ್ನು ಗಟ್ಟಿಯಾಗಿ ಮೆತ್ತಿ, ಹೆಬ್ಬೆರಳಲ್ಲಿ ಸವರಿ ನುಣುಪು ಮಾಡಿದ. ಸುನಂದಮ್ಮನ ಪಾಲಿನ ಕೆಲಸವನ್ನೂ ಮಾಡಿ ಮುಗಿಸಿದೆನಲ್ಲ ಅಂತ ಒಂದು ಸಮಾಧಾನವೂ ಆಯಿತು. ನೀರು ಬಿಟ್ಟು ನೋಡಲಿಲ್ಲ. ಪೂಜೆಯ ನೀರನ್ನು ಬೆಳಗಾಗುವ ಮುಂಚೆ ಮುಟ್ಟಬಾರದು. ಮುಟ್ಟಬಹುದಾಗಿದ್ದರೂ ಅವನಿಗೆ ಇನ್ನೊಂದು ಸಲ ಕಲ್ಲು ಹತ್ತುವ ತ್ರಾಣ ಇರಲಿಲ್ಲ.

ಬೆಳಿಗ್ಗೆ ಐದಕ್ಕೆ ಸುನಂದಮ್ಮ ಚಂದುವಿನ ತಲೆಗೆ, ಗಂಡನ ತಲೆಗೆ ಎಡಗೈಯಲ್ಲೇ ಎಣ್ಣೆ ಇಟ್ಟಳು. ಚಂದು ಬೇಗ ನೀರು ಹಾಕಿಕೊಂಡು ಪಟಾಕಿ ಸದ್ದಿನ ಕಡೆ ಹೋದ. ನಿಂಗಯ್ಯ ಹಂಡೆಯಿಂದ ನಾಲ್ಕು ಬಕೆಟ್ ಬಿಸಿನೀರು ಮೊಗೆದು, ಕಲ್ಲಿನ ಮೇಲೆ ನಿಂತು ತೊಟ್ಟಿಗೆ ತುಂಬಿದ. ಸುನಂದಮ್ಮ ತಲೆ ತುಂಬ ಹರಳೆಣ್ಣೆ ಸುರಿದುಕೊಂಡು, ಹಳೆಯ ಸೀರೆ ಸುತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಚಿಲಕದ ಸದ್ದು ಕೇಳಿ ನಿಂಗಯ್ಯನಿಗೆ ಎದೆ ತುಂಬಿತು. ನಾಲ್ಕು ತಿಂಗಳಿಂದ ಅವಳು ಆ ಚಿಲಕ ಒಳಗಿನಿಂದ ಹಾಕಿರಲಿಲ್ಲ.

"ಎಳೀಲಾ?" ಅಂತ ಒಳಗಿನಿಂದ ಕೂಗಿದಳು.

"ಎಳಿ."

ಸರಪಳಿ ಕಿರ್ರೆಂದಿತು. ತೊಟ್ಟಿಯಲ್ಲಿ ನೀರು ಗುಳುಗುಳು ಅಂದಿತು. ತೊಟ್ಟಿಯ ಬುಡದ ಮೊದಲ ಸಂದಿಯಲ್ಲೇ ಅರ್ಧ ನೀರು ಹೊರಗೋಡೆಯ ಮೇಲೆ ಸುರಿದು ನಿಂಗಯ್ಯನ ಕಾಲು ಸುಟ್ಟಿತು. ಎರಡನೆಯ ಸಂದಿಯ ನೀರು ನೇರ ಹಂಡೆಯ ಒಲೆಗೇ ಬಿದ್ದು ಬೆಂಕಿ ಚುರ್ರೆಂದು ಆರಿ, ಬೂದಿ ಹೊಗೆಯೆಲ್ಲ ಬಚ್ಚಲು ತುಂಬಿತು. ಅಷ್ಟನ್ನೂ ದಾಟಿ ಜಾಲರಿಯವರೆಗೆ ಹೋದ ನೀರು ಹದಕ್ಕೆ ತಣಿದಿತ್ತು, ಆದರೆ ನಾಲ್ಕೂ ಸಂದಿಯ ಕೆಮ್ಮಣ್ಣನ್ನು ಕರಗಿಸಿಕೊಂಡು ಹೋಗಿತ್ತು. ಒಳಗಿನಿಂದ ಕೆಮ್ಮು ಕೇಳಿತು.

"ಸುನಂದಾ? ಏನಾಯ್ತಮ್ಮಿ?"

"ಏನಿಲ್ಲ." ದನಿ ತಣ್ಣಗಿತ್ತು. "ನೀವು ಆಕಿರೋದು ಹೊಗೆ ಪೈಪು ಕಣ್ರೀ. ಕೆಳಗ್ಲಿಂದ ಮ್ಯಾಕೆ ತೊಡ್ಸಿದ್ದೀರಿ. ಹೊಗೆ ಮ್ಯಾಕೋಯ್ತದೆ, ನೀರು ಕೆಳಕ್ ಬತ್ತದೆ. ಮ್ಯಾಲಿನ್ ಪೈಪು ಕೆಳಗಿನ್ ಪೈಪಿನೊಳಕ್ಕೆ ಓಗ್ಬೇಕಿತ್ತು. ಮಣ್ಣು ಬ್ಯಾರೆ ಮೆತ್ತಿದ್ದೀರಿ. ಎಲ್ಲಾ ನನ್ ತಲೆ ಮ್ಯಾಲದೆ."

ನಿಂಗಯ್ಯ ಕಲ್ಲಿನ ಮೇಲೆ ಕುಸಿದು ಕೂತ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇಲ್ಲಿ ಸುಟ್ಟದ್ದು ಕಾಲು, ನೆಂದದ್ದು ಒಲೆ. ಮೂವತ್ತೆರಡು ವರ್ಷದ ಕೈ ಒಂದು ಸಂಜೆ ಅವನ ಮಾತು ಕೇಳದೆ ತನ್ನ ಮಾತೇ ನಡೆಸಿತ್ತು. ಪೈಪು ತಿರುಗಿಸಿದರೆ ಸರಿಹೋಗುತ್ತದೆ, ಆದರೆ ತಿರುಗಿಸಿದರೆ ಮೊಣಕೈ ಕೂರುವುದಿಲ್ಲ, ಅದನ್ನು ಹೊಸದಾಗಿ ಸುತ್ತಬೇಕು. ಅಂದರೆ ಎರಡು ದಿನ. ಎರಡು ದಿನದ ಮಾತು ಅತ್ತ ಇರಲಿ, ಎದ್ದು ನಿಲ್ಲಲೂ ಅವನಿಗೆ ಮನಸ್ಸಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಅಂತ ಒಂದು ಮಾಡಿದೆ, ಅದನ್ನೂ ಅವಳ ತಲೆಗೇ ಮಣ್ಣು ಹಾಕುವ ಹಾಗೆ ಮಾಡಿದೆ ಅಂತ ತನ್ನನ್ನೇ ಬೈದುಕೊಂಡ.

ಗೋಡೆಯಾಚೆ ಮರಮ್ಮನ ಕೈಬಳೆ ಸದ್ದಾಯಿತು. "ಏನದು ಹೊಗೆ? ಸುನಂದಾ, ನಾನು ಬರ್ಲೇನವ್ವಾ?"

ಒಳಗಿನಿಂದ ಉತ್ತರ ಬರಲಿಲ್ಲ. ಉತ್ತರ ಬಾರದೆ ಇರುವುದನ್ನು ನಿಂಗಯ್ಯ ತನ್ನ ಮಂದ ಕಿವಿಯಲ್ಲೂ ಕೇಳಿದ. ಎಣ್ಣೆ, ಕೆಮ್ಮಣ್ಣು, ಬೂದಿ ಮೆತ್ತಿಕೊಂಡು, ಹೊಗೆಯಲ್ಲಿ ಮಣೆಯ ಮೇಲೆ ಕೂತವಳು ಏನಂತ ಉತ್ತರಿಸಬೇಕು? ಬಾ ಅಂದರೆ ಸಂಜೆಯೊಳಗೆ ಡೇರಿಯಲ್ಲಿ ಮಣ್ಣಿನ ಕತೆ. ಬೇಡ ಅಂದರೆ ಮಣ್ಣು ತಲೆಯಲ್ಲೇ. ಅವಳು ಕಾಯುತ್ತಿರುವುದು ಯಾರನ್ನು ಅಂತ ಅವನಿಗೆ ಇದ್ದಕ್ಕಿದ್ದಂತೆ ಗೊತ್ತಾಯಿತು. ಗೊತ್ತಾಗಿ ನಾಚಿಕೆಯಾಯಿತು. ಒಂದು ಚೆಂಬು ಹಿಡಿಯುವುದನ್ನು ತಪ್ಪಿಸಿಕೊಳ್ಳಲು ಒಂದು ಹಾಳೆ ತಗಡು, ಹತ್ತೊಂಬತ್ತು ದಿನ!

ಎದ್ದ. ಮಂಡಿ ಬೇಡ ಅಂದಿತು, ಆದರೂ ಎದ್ದ. ಬಚ್ಚಲಿನ ಬಾಗಿಲು ತಟ್ಟಿ, "ಚಿಲ್ಕ ತೆಗಿ" ಅಂದ.

"ನೀವ್ಯಾಕೆ? ಓಗಿ ಅತ್ಲಾಗೆ. ಯಾರಾರ ನೋಡ್ತಾರೆ."

"ನೋಡ್ಲಿ. ತೆಗಿ."

ಚಿಲಕ ತೆರೆಯಿತು. ಹಂಡೆಯಲ್ಲಿ ಇನ್ನೂ ಅರ್ಧ ಬಿಸಿನೀರಿತ್ತು. ನಿಂಗಯ್ಯ ಪಂಚೆ ಮೇಲೆ ಕಟ್ಟಿ, ಹಂಡೆಯ ಮೇಲಿದ್ದ ಹಿತ್ತಾಳೆ ಚೆಂಬು ತೆಗೆದುಕೊಂಡ. ಸುನಂದಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಳು. ಮೊದಲ ಚೆಂಬಿಗೆ ಕೆಮ್ಮಣ್ಣೆಲ್ಲ ಹಣೆಯ ಮೇಲಿಂದ ಇಳಿಯಿತು. ಎರಡನೆಯದಕ್ಕೆ ಕೂದಲು ಕಂಡಿತು. ಇಷ್ಟು ಬೆಳ್ಳಗಾಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

"ನಿಂಗಯ್ಯಾ!" ಮರಮ್ಮ ಈಗ ಹಿತ್ತಿಲಿಗೇ ಬಂದು ನಿಂತಿದ್ದಳು. "ಒಳ್ಗೆ ಯಾರು ನೀರುಯ್ತಾವ್ರೆ?"

ಸುನಂದಮ್ಮ ಎಡಗೈ ಎತ್ತಿ ಅವನ ಪಂಚೆ ಹಿಡಿದುಕೊಂಡಳು, ಸುಮ್ಮನಿರಿ ಅನ್ನುವ ಹಾಗೆ. ನಿಂಗಯ್ಯ ಇನ್ನೊಂದು ಚೆಂಬು ಮೊಗೆದ.

"ನಾನು ಕಣತ್ಗೆ. ನಾನೇ ಉಯ್ತಾ ಇದ್ದೀನಿ" ಅಂತ ಎರಡು ಮನೆಗೆ ಕೇಳುವಷ್ಟು ಜೋರಾಗಿ ಹೇಳಿದ.

ಮರಮ್ಮನ ಹೆಜ್ಜೆ ಬೇಗಬೇಗ ದೂರವಾಯಿತು. ಅದು ಯಾವ ದಿಕ್ಕಿಗೆ ಹೋಯಿತು ಅಂತ ಹೇಳಬೇಕಾಗಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಬೇಡ. ನಿಂಗಯ್ಯ ಚೆಂಬು ಕೆಳಗಿಟ್ಟ. ಸೀಗೆಪುಡಿ ಹಾಕಿ ತಲೆ ಉಜ್ಜಿದ. ಬೆನ್ನ ಮೇಲೆ, ಎಡ ರೆಕ್ಕೆಯ ಮೂಳೆಯ ಕೆಳಗೆ, ಒಂದು ಗೇಣುದ್ದ ಸುಟ್ಟ ಕಲೆ. ಯಾವುದೋ ಊರಿನಲ್ಲಿ, ಇವಳಿನ್ನೂ ಒಳಗೆ ಮಣ್ಣು ಮೆತ್ತುತ್ತಿದ್ದಾಗಲೇ ಯಾರೋ ಅವಸರಕ್ಕೆ ಒಲೆ ಹೊತ್ತಿಸಿ, ಕಾದ ಪೈಪು ತಾಗಿದ್ದು. ಅವತ್ತು ಅವನು ಒಲೆ ಹೊತ್ತಿಸಿದವನನ್ನು ಬೈದಿದ್ದ. ಕಲೆಯನ್ನು ನೋಡಿರಲಿಲ್ಲ.

"ಕೈ ಒರಟು" ಅಂದ, ಕಲೆಯ ಸುತ್ತ ಮೆಲ್ಲಗೆ ಉಜ್ಜುತ್ತಾ. "ತಗಡು ಕುಯ್ದು ಕುಯ್ದು ಅರದಂಗೆ ಆಗದೆ. ಉರೀತದಾ?"

"ಇಲ್ಲ. ಜೋರಾಗೇ ತಿಕ್ಕಿ." ಸುನಂದಮ್ಮನ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ಕಾಣಲಿಲ್ಲ. "ಅಕ್ಕ ಉಯ್ದ್ರೆ ತಲೆ ತಗ್ಗಿಸ್ಕೊಂಡು ಕೂರ್ಬೇಕು ಅನ್ನುಸ್ತಿತ್ತು. ಈಗಂಗೆ ಅನ್ನುಸ್ತಿಲ್ಲ ಕಣ್ರೀ. ಮೂವತ್ತು ವರ್ಸ ನಿಮ್ ಬೆನ್ನು ತಿಕ್ಕಿದೀನಿ. ತಿಕ್ಕಿ."

ಅವನು ತಿಕ್ಕಿದ. ಹೊರಗೆ ಪೈಪಿನಿಂದ ಉಳಿದ ನೀರು ತೊಟ್ಟಿಕ್ಕುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವಾಗ ನಿಂಗಯ್ಯನ ಕಾಲು ಭಾರವಾಗಿತ್ತು. ಮೈಯೆಲ್ಲ ನೋವು, ಸುಟ್ಟ ಪಾದ ಚುರುಗುಟ್ಟುತ್ತಿತ್ತು. ಕ್ಯೂನಲ್ಲಿ ಹೆಂಗಸರು ಮುಖ ತಿರುಗಿಸಿಕೊಂಡರು, ಸೆರಗಿನೊಳಗೆ ಯಾರೋ ಕಿಸಕ್ಕೆಂದರು. ಹಾಲು ಅಳೆಯುವವನು ಪುಸ್ತಕದಿಂದ ತಲೆ ಎತ್ತಿ, "ಓ, ಚೆಂಬು ನಿಂಗಯ್ಯ ಬಂದ್ರು" ಅಂದ. ಅಲ್ಲಿದ್ದವರೆಲ್ಲ ನಕ್ಕರು. ನಿಂಗಯ್ಯ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅದಕ್ಕೆಲ್ಲ ಬೇಕಾದ ಶಕ್ತಿ ಮಿಕ್ಕಿರಲಿಲ್ಲ. ಕ್ಯಾನು ಇಳಿಸಿ, ಕೂರಲು ಜಾಗ ಹುಡುಕಿದ.

ಕಟ್ಟೆಯ ತುದಿಯಲ್ಲಿ ಎಂದಿನ ಹಾಗೆ ಒಬ್ಬನೇ ಕೂತಿದ್ದ ಕರಿಯಯ್ಯ ಒಂದು ಮೊಳ ಸರಿದು ಜಾಗ ಬಿಟ್ಟ. ನಿಂಗಯ್ಯ ಹೋಗಿ ಅವನ ಪಕ್ಕ ಕೂತ. ಇಪ್ಪತ್ತು ವರ್ಷ ನಕ್ಕ ಬಾಯಿಗೆ ಏನು ಮಾತು ಬರುತ್ತದೆ?

ಕರಿಯಯ್ಯ ರಸ್ತೆ ನೋಡುತ್ತಲೇ, ಬೇರೆ ಯಾರಿಗೂ ಕೇಳದ ಹಾಗೆ, "ಭುಜ ಅಲ್ವಾ ನೋವು?" ಅಂದ.

"ಊಂ. ಬಲಗಡೆ."

"ಅಂಗಿದ್ರೆ ನೀರು ಒಸಿ ಜಾಸ್ತಿನೇ ಕಾದಿರ್ಬೇಕು. ತಲೆಗೆ ಮೊದ್ಲು ಉಯ್ಯಬ್ಯಾಡ. ನೋವಿರೋ ಕಡೆ ನಾಕು ಚೆಂಬು ಉಯ್ದು, ಒಸಿ ಬುಟ್ಟು, ಆಮ್ಯಾಕೆ ತಲೆಗೆ. ನಮ್ಮೋಳ್ ಸೊಂಟಕ್ಕೆ ನಾನು ಇವತ್ಗೂ ಅಂಗೇ ಉಯ್ಯೋದು."